ಏಳು ಮನೆ ಸುತ್ತಿ ತಂದ ಮರಿ

"ಬೆಕ್ಕಿಗೂ ದುಡ್ ಕೊಟ್ರಾ? ನಿಮ್ಗೇನ್ ಬುದ್ಧಿಗಿದ್ಧಿ ಐತಾ ಇಲ್ವಾ?"

ವಾಟ್ಸಾಪ್ ವಿಡಿಯೋ ಕಾಲಿನಲ್ಲಿ ಮಂಡ್ಯದ ಅಮ್ಮ ಹೀಗೆ ಕೇಳಿದಾಗ ನಾವು ನಾಲ್ವರೂ ಮುಖ ಮುಖ ನೋಡಿಕೊಂಡೆವು. ಅವರು ಕೇಳಿದ್ದರಲ್ಲಿ ತಪ್ಪೇನಿಲ್ಲ. ನಮ್ಮ ಕಡೆ ಬೆಕ್ಕನ್ನು ಯಾರು ಕೊಳ್ಳುತ್ತಾರೆ? ಅದೇ ಬರುತ್ತದೆ. ಅಟ್ಟದ ಮೇಲೋ ಹುಲ್ಲಿನ ಮೆದೆಯಲ್ಲೋ ಮರಿ ಹಾಕುತ್ತದೆ, ಬಾಯಲ್ಲಿ ಕಚ್ಚಿಕೊಂಡು ಏಳು ಮನೆ ಸುತ್ತಿಸುತ್ತದೆ, ಕೊನೆಗೆ ಒಂದು ಮರಿ ನಮ್ಮ ಮನೆ ಒಲೆ ಪಕ್ಕ ಉಳಿದುಬಿಡುತ್ತದೆ. ಪಕ್ಕದ ಮನೆಯವರು ಕೇಳಿದರೆ ಇನ್ನೊಂದನ್ನು ಕೈಚೀಲದಲ್ಲಿ ಹಾಕಿ ಕೊಟ್ಟರಾಯಿತು. ವ್ಯವಹಾರ ಅಲ್ಲಿಗೆ ಮುಗಿಯಿತು.

ಇಲ್ಲಿ ಶೆಫೀಲ್ಡಿನಲ್ಲಿ ತಾಯಿಬೆಕ್ಕಿನ ಬದಲು ನಾವೇ ಏಳು ಮನೆ ಸುತ್ತಿದೆವು. ಆ ಕತೆಯನ್ನು ಈ ಸಲದ ಸಂಚಿಕೆಗೆ ಬರೆಯಲು ಕಾರಣ ಒಂದೇ. ಮೊದಲನೇ ಮನೆಯಲ್ಲಿ ನಾವು ಮಾಡಿದ ತಪ್ಪನ್ನು ನಮ್ಮ ಸಂಘದ ಇನ್ನೊಬ್ಬರು ಮಾಡಬಾರದು.

ನಾವು ಅಂದರೆ ಒಂದೇ ಮನೆಯಲ್ಲಿ ಬಾಡಿಗೆಗಿದ್ದ ನಾಲ್ಕು ಜನ. ಮಂಡ್ಯದವಳು ಮತ್ತು ಶಿರಸಿಯವನು ಪಿಎಚ್‌ಡಿ. ಹುಬ್ಬಳ್ಳಿಯವನು ಮತ್ತು ಮಂಗಳೂರಿನವಳು ಒಂದು ವರ್ಷದ ಎಂಎಸ್ಸಿ. ಗುಡ್ಡದ ಮೇಲಿನ ಹಳೇ ಇಟ್ಟಿಗೆ ಮನೆ. 2024ರ ಅಕ್ಟೋಬರ್ ಮುಗಿಯುತ್ತ ಬಂದಿತ್ತು. ಸಂಜೆ ಲ್ಯಾಬಿನಿಂದ ಹೊರಗೆ ಬರುವಷ್ಟರಲ್ಲಿ ಕತ್ತಲು. ಮನೆಗೆ ಬಂದರೆ ಒಬ್ಬೊಬ್ಬರೂ ಒಂದೊಂದು ಕೋಣೆ ಸೇರಿ ಬಾಗಿಲು ಹಾಕಿಕೊಳ್ಳುವುದು. ಹೊಸದಾಗಿ ಬಂದವರಿಗೆ ಈ ತಿಂಗಳುಗಳು ಎಷ್ಟು ಭಾರ ಅಂತ ಓದುತ್ತಿರುವ ನಿಮಗೆ ಹೇಳಬೇಕಿಲ್ಲ. "ಮನ್ಯಾಗ ಒಂದ್ ಬೆಕ್ಕರ ಇದ್ದಿದ್ರ" ಅಂತ ಹುಬ್ಬಳ್ಳಿಯವನು ಅಡುಗೆಮನೆಯಲ್ಲಿ ಅಂದಿದ್ದೇ ಶುರು. ಮನೆ ಮಾಲೀಕರಿಗೆ ಇಮೇಲ್ ಹಾಕಿದೆವು. ಒಂದು ಬೆಕ್ಕಿಗೆ ಅಡ್ಡಿಯಿಲ್ಲ ಅಂತ ಉತ್ತರ ಬಂತು. ಬ್ರಿಟಿಷ್ ಶಾರ್ಟ್‌ಹೇರ್ ಅಂತ ಒಂದು ತಳಿ ಇದೆ: ದುಂಡು ಮುಖ, ದಪ್ಪ ಕೆನ್ನೆ, ಬೂದು ಬಣ್ಣದ ಮಖಮಲ್ಲಿನಂಥ ಮೈ. ಇನ್‌ಸ್ಟಾಗ್ರಾಮಿನಲ್ಲಿ ನೋಡಿ ನೋಡಿ ಅದೇ ಬೇಕು ಅಂತ ನಾವೆಲ್ಲ ತೀರ್ಮಾನ ಮಾಡಿಬಿಟ್ಟೆವು.

ಆನ್‌ಲೈನ್ ಜಾಹೀರಾತೊಂದು ಸಿಕ್ಕಿತು. ಎಂಟು ವಾರದ ಮರಿ, ಲಸಿಕೆ ಆಗಿದೆ, 350 ಪೌಂಡ್. ಬೇರೆ ಕಡೆ ಕೇಳುತ್ತಿದ್ದುದರ ಅರ್ಧವೂ ಇಲ್ಲ. ಚೌಕಾಸಿ ಮಾಡದೆಯೇ ಅಗ್ಗಕ್ಕೆ ಸಿಕ್ಕಿತು ಅಂತ ಹಿಗ್ಗಿ, ಮರುದಿನವೇ ರೈಲು ಹತ್ತಿದೆವು.

ಬಾಗಿಲು ತೆರೆದವರು ನಮ್ಮನ್ನು ನಡುಮನೆಯಿಂದ ಮುಂದಕ್ಕೆ ಬಿಡಲಿಲ್ಲ. ಮರಿಯನ್ನು ಒಳಗಿನಿಂದ ರಟ್ಟಿನ ಪೆಟ್ಟಿಗೆಯಲ್ಲಿ ತಂದರು. ತಾಯಿ ಎಲ್ಲಿ ಅಂದರೆ ವೆಟ್ ಹತ್ತಿರ ಹೋಗಿದೆ ಅಂದರು. ಲಸಿಕೆಯ ಕಾರ್ಡು? ಇಮೇಲ್ ಮಾಡುತ್ತೇವೆ. ವಂಶಾವಳಿಯ ಪತ್ರ? ಅದೂ ಇಮೇಲೇ. ಮರಿಯ ಕಣ್ಣಲ್ಲಿ ನೀರು ಸೋರುತ್ತಿತ್ತು. ಹೊಟ್ಟೆ ಉಬ್ಬಿತ್ತು, ಬೆನ್ನುಮೂಳೆ ಕೈಗೆ ಸಿಗುತ್ತಿತ್ತು. ಬಾಲದ ಬುಡ ಕೊಳೆಯಾಗಿತ್ತು. ನಮ್ಮಲ್ಲಿ ಯಾರೂ ದಡ್ಡರಲ್ಲ. ಏನೋ ಸರಿಯಿಲ್ಲ ಅಂತ ನಾಲ್ವರಿಗೂ ಹೊಳೆದಿತ್ತು. ಹೊರಗೆ ಬಂದು ಎರಡು ನಿಮಿಷ ಮಾತಾಡಿಕೊಂಡೆವು.

"ಬೇಡ ಮಾರಾಯ, ಹೋಗುವ" ಅಂದಳು ಮಂಗಳೂರಿನವಳು.

"ಲೇ, ಇದನ್ನ ಇಲ್ಲೇ ಬಿಟ್ಟು ಹ್ವಾದ್ರ ನಾಳಿಗೆ ಸಾಯ್ತೈತಿ" ಅಂದ ಹುಬ್ಬಳ್ಳಿಯವನು.

ಆ ಒಂದು ಮಾತಿಗೆ ನಾವೆಲ್ಲ ಸೋತೆವು. 350 ಪೌಂಡ್ ನಗದು ಎಣಿಸಿ ಕೊಟ್ಟು, ಮರಿಯನ್ನು ಜಾಕೆಟ್ಟಿನೊಳಗೆ ಇಟ್ಟುಕೊಂಡು ಬಂದೆವು. ರೈಲಿನಲ್ಲೇ ಹೆಸರೂ ಇಟ್ಟೆವು, ಬೂದ ಅಂತ.

ಮರುದಿನ ವೆಟ್ ಹಲ್ಲು ನೋಡಿ, ಇದಕ್ಕೆ ಎಂಟು ವಾರ ಆಗಿಲ್ಲ, ಹೆಚ್ಚೆಂದರೆ ಆರು ಅಂದರು. ಮೂರನೇ ದಿನ ಬೂದ ಹಾಲು-ನೀರು ಮುಟ್ಟಲಿಲ್ಲ. ವಾಂತಿ, ಭೇದಿ. ಪರೀಕ್ಷೆ ಮಾಡಿದಾಗ ಪ್ಯಾನ್‌ಲ್ಯೂಕೋಪೀನಿಯಾ ಅಂತ ತಿಳಿಯಿತು. ಬೆಕ್ಕುಗಳ ಪಾರ್ವೊ ಅಂತಲೂ ಕರೆಯುತ್ತಾರೆ. ಈ ವೈರಸ್ ಕರುಳನ್ನು ಕೆಡಿಸುತ್ತದೆ, ರಕ್ತದ ಬಿಳಿ ಕಣಗಳನ್ನು ಇಲ್ಲವಾಗಿಸುತ್ತದೆ. ಲಸಿಕೆ ಹಾಕಿದ್ದರೆ ತಡೆಯಬಹುದಾಗಿದ್ದ ಕಾಯಿಲೆ. ಐದನೇ ದಿನ ಬೆಳಗಿನ ಜಾವ ಕ್ಲಿನಿಕ್ಕಿನಿಂದ ಫೋನ್ ಬಂತು. ಬಿಲ್ಲು 780 ಪೌಂಡ್. ನಾಲ್ಕು ಪಾಲು ಮಾಡಿ ಕಟ್ಟಿದೆವು. ಮಾರಿದವರ ನಂಬರ್ ಅಷ್ಟರಲ್ಲಿ ಸ್ವಿಚ್ ಆಫ್.

ಬಿಲ್ಲಿಗಿಂತ ಹೆಚ್ಚು ಚುಚ್ಚಿದ್ದು ಆ ವೆಟ್ ಮೆತ್ತಗೆ ಹೇಳಿದ ಮಾತು. ಅವರ ಮಾತಿನ ಅರ್ಥ ಇಷ್ಟು: ನೀವು ಕರುಣೆಯಿಂದಲೇ ತಂದಿದ್ದೀರಿ, ನನಗೆ ಗೊತ್ತು. ಆದರೆ ನೀವು ಕೊಟ್ಟ ದುಡ್ಡು ಈ ಮರಿಯನ್ನು ಉಳಿಸಲಿಲ್ಲ. ಅದೇ ತಾಯಿಯ ಮುಂದಿನ ಸೂಲಿಗೆ ಬಂಡವಾಳ ಆಯಿತು.

ನಾವು ಆ ತಾಯಿಯನ್ನು ನೋಡಿಯೇ ಇರಲಿಲ್ಲ. ಆ ಮನೆಯ ಯಾವ ಕೋಣೆಯಲ್ಲಿ, ಎಂಥ ಪೆಟ್ಟಿಗೆಯಲ್ಲಿ ಇತ್ತೋ. ಬೂದನನ್ನು ನೆನೆದಷ್ಟೇ ಸಲ ಅದನ್ನೂ ನೆನೆದಿದ್ದೇವೆ. ಅವತ್ತು ನಾವು ಮಾಡಬೇಕಿದ್ದದ್ದು ಬೇರೆ. ಖಾಲಿ ಕೈಯಲ್ಲಿ ಹೊರಟು ಬಂದು, ಆರ್‌ಎಸ್‌ಪಿಸಿಎಗೂ ಸ್ಥಳೀಯ ಕೌನ್ಸಿಲ್ಲಿಗೂ ವಿಳಾಸ ಸಮೇತ ತಿಳಿಸಬೇಕಿತ್ತು. ದೂರು ಕೊಟ್ಟೆವು, ಆದರೆ ತಡವಾಗಿ.

ಆಮೇಲೆ ಕೂತು ಓದಿದೆವು. ಮೊದಲೇ ಓದಬೇಕಿತ್ತು. ಇಂಗ್ಲೆಂಡಿನಲ್ಲಿ 2020ರ ಏಪ್ರಿಲ್ 6ರಿಂದ ಲೂಸಿಸ್ ಲಾ ಅಂತ ಒಂದು ಕಾನೂನಿದೆ. ಮರಿ ಹಾಕಿಸಿ ಮಾರುವವರ ಗೂಡಿನಲ್ಲಿ ನರಳಿ, ಬಿಡುಗಡೆಯಾದ ಲೂಸಿ ಎಂಬ ನಾಯಿಯ ಹೆಸರು ಅದಕ್ಕೆ. ಆರು ತಿಂಗಳೊಳಗಿನ ನಾಯಿಮರಿ, ಬೆಕ್ಕಿನ ಮರಿಗಳನ್ನು ಅಂಗಡಿಯವರು, ದಲ್ಲಾಳಿಗಳು ವ್ಯಾಪಾರಕ್ಕೆ ಮಾರುವಂತಿಲ್ಲ. ನೇರವಾಗಿ ಬ್ರೀಡರ್ ಹತ್ತಿರ ಕೊಳ್ಳಬೇಕು, ಇಲ್ಲವೇ ರಕ್ಷಣಾ ಕೇಂದ್ರದಿಂದ ತರಬೇಕು. ಆದರೆ ಇಂಗ್ಲೆಂಡಿನಲ್ಲಿ ನಾಯಿ ಸಾಕಿ ಮರಿ ಮಾರುವವರಿಗೆ ಇರುವಂಥ ಪ್ರತ್ಯೇಕ ಬ್ರೀಡಿಂಗ್ ಲೈಸೆನ್ಸ್ ಬೆಕ್ಕಿನವರಿಗೆ ಇಲ್ಲ. ಸ್ಕಾಟ್ಲೆಂಡಿನಲ್ಲಿ 2021ರಿಂದ ಇದೆ: ವರ್ಷಕ್ಕೆ ಮೂರು ಅಥವಾ ಹೆಚ್ಚು ಸೂಲು ಮರಿ ಮಾಡಿಸುವವರು ಲೈಸೆನ್ಸ್ ತೆಗೆದುಕೊಳ್ಳಬೇಕು. ಹಾಗಾಗಿ ಇಲ್ಲಿ ಒಳ್ಳೆಯವರು ಯಾರು, ಕೆಟ್ಟವರು ಯಾರು ಅಂತ ಕಂಡುಹಿಡಿಯುವ ಕೆಲಸ ಬಹುಪಾಲು ಕೊಳ್ಳುವವರ ತಲೆ ಮೇಲೇ ಬೀಳುತ್ತದೆ.

ಇದಕ್ಕೆ ಹಿಡಿದುಕೊಳ್ಳಲು ಒಂದು ಕಂಬ ಇದೆ, ಜಿಸಿಸಿಎಫ್. 1910ರಲ್ಲಿ ಶುರುವಾದ, ತಳಿ ಬೆಕ್ಕುಗಳ ನೋಂದಣಿ ಇಡುವ ಇಲ್ಲಿನ ಸಂಸ್ಥೆ. ಅದರ ನಿಯಮದ ಪ್ರಕಾರ ಮರಿ ಹದಿಮೂರು ವಾರ ತುಂಬುವ ಮೊದಲು ತಾಯಿಯ ಮನೆ ಬಿಡಬಾರದು. ಯಾಕೆ ಹದಿಮೂರು ಅಂತ ನಮಗೂ ಮೊದಲು ಅರ್ಥವಾಗಲಿಲ್ಲ. ಲೆಕ್ಕ ಸುಲಭ. ಸುಮಾರು ಒಂಬತ್ತನೇ ವಾರಕ್ಕೆ ಮೊದಲ ಲಸಿಕೆ, ಹನ್ನೆರಡಕ್ಕೆ ಎರಡನೆಯದು, ಅದು ಮೈಗೆ ಹತ್ತಲು ಒಂದು ವಾರ. ಅಷ್ಟರಲ್ಲಿ ಒಡಹುಟ್ಟಿದವುಗಳ ಜೊತೆ ಕಚ್ಚಾಡಿ, ಎಷ್ಟು ಕಚ್ಚಿದರೆ ನೋವಾಗುತ್ತದೆ ಅನ್ನುವುದನ್ನೂ ಮರಿ ಕಲಿತಿರುತ್ತದೆ. ಎಂಟು ವಾರಕ್ಕೇ ಒಯ್ಯಿರಿ ಅನ್ನುವವರು ಐದು ವಾರದ ಊಟ, ಔಷಧ, ಶ್ರಮ ಉಳಿಸಿಕೊಳ್ಳುತ್ತಿದ್ದಾರೆ. ಬೆಲೆಯೂ ಅದಕ್ಕೇ ಕಡಿಮೆ. ಕಾಸಿಗೆ ತಕ್ಕ ಕಜ್ಜಾಯ.

ಮೂರು ತಿಂಗಳು ಬೆಕ್ಕಿನ ಮಾತೇ ಎತ್ತಲಿಲ್ಲ. ಪಾರ್ವೊ ವೈರಸ್ ಮನೆಯೊಳಗೆ ತಿಂಗಳುಗಟ್ಟಲೆ, ಒಮ್ಮೊಮ್ಮೆ ವರ್ಷದವರೆಗೂ ಬದುಕಿರುತ್ತದೆ ಅಂತ ವೆಟ್ ಎಚ್ಚರಿಸಿದ್ದರು. ಬೂದ ಮಲಗಿದ್ದ ಬಟ್ಟೆಗಳನ್ನೆಲ್ಲ ಎಸೆದು, ನೆಲವನ್ನು ಬ್ಲೀಚ್ ಹಾಕಿ ಮತ್ತೆ ಮತ್ತೆ ಒರೆಸಿದೆವು. ಮುಂದೆ ಯಾವ ಮರಿ ತಂದರೂ ಲಸಿಕೆ ಪೂರ್ತಿಯಾದದ್ದೇ ಆಗಿರಬೇಕು ಅಂತ ಅವರು ಕಟ್ಟುನಿಟ್ಟಾಗಿ ಹೇಳಿದ್ದರು.

2025ರ ಫೆಬ್ರವರಿಯಲ್ಲಿ ಮತ್ತೆ ಹುಡುಕಲು ಶುರು ಮಾಡಿದೆವು.

ಎರಡನೇ ಮನೆ ಮನೆಯೇ ಅಲ್ಲ. ಮುದ್ದಾದ ಫೋಟೋ, ಮಧುರ ಮಾತು, "200 ಪೌಂಡ್ ಅಡ್ವಾನ್ಸ್ ಹಾಕಿ, ಇನ್ನೂ ಮೂವರು ಕಾಯ್ತಾ ಇದ್ದಾರೆ" ಅನ್ನುವ ಅವಸರ. ವಿಡಿಯೋ ಕಾಲಿನಲ್ಲಿ ಮರಿಯನ್ನು ತಾಯಿಯ ಜೊತೆ ತೋರಿಸಿ ಅಂದೆವು. ಆಮೇಲೆ ಮೆಸೇಜೇ ಇಲ್ಲ. ಆ ಮರಿ ಫೋಟೋದ ಹೊರಗೆ ಎಲ್ಲೂ ಇರಲಿಲ್ಲ ಅಂತ ಕಾಣುತ್ತದೆ.

ಮೂರನೆಯವರು ಮಡಚಿದ ಕಿವಿಯ ಸ್ಕಾಟಿಷ್ ಫೋಲ್ಡ್ ತೋರಿಸಿದರು. ಗೂಬೆಯ ಹಾಗೆ ದುಂಡು ತಲೆ, ನೋಡಿದರೆ ಮನಸ್ಸು ಕರಗುತ್ತದೆ. ಆದರೆ ಕಿವಿ ಮಡಚುವಂತೆ ಮಾಡುವ ಆ ಜೀನ್ ಕಿವಿಗೇ ನಿಲ್ಲುವುದಿಲ್ಲ. ಮೈಯಲ್ಲೆಲ್ಲ ಮೃದ್ವಸ್ಥಿ ಕೆಡುತ್ತದೆ, ಕೀಲುಗಳು ಬಿಗಿದು ನೋಯುತ್ತವೆ. ಹುಟ್ಟಿದ ದೇಶದಲ್ಲೇ ಜಿಸಿಸಿಎಫ್ ಈ ತಳಿಯನ್ನು ನೋಂದಾಯಿಸುವುದಿಲ್ಲ. ನಮಗೆ ಮುದ್ದಾಗಿ ಕಂಡದ್ದು ಅದಕ್ಕೆ ಕಾಯಿಲೆ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಅಂತಾರಲ್ಲ, ಇಲ್ಲಿ ಚೆಲ್ಲಾಟ ನಮ್ಮದು, ಸಂಕಟ ಬೆಕ್ಕಿನದು.

ನಾಲ್ಕನೆಯದು ದೊಡ್ಡ ಜಾಗ. ಹಿತ್ತಲಿನ ಶೆಡ್ಡಿನಲ್ಲಿ ಸಾಲು ಗೂಡುಗಳು, ಮೂರು ತಳಿ, ಯಾವಾಗ ಕೇಳಿದರೂ ಮರಿ ಸಿದ್ಧ. ಕಾಗದಪತ್ರ ಎಲ್ಲ ಇತ್ತು. ಆದರೆ ಕೈ ಚಾಚಿದರೆ ಮರಿಗಳು ಮೂಲೆಗೆ ಓಡಿ ಬುಸ್ ಅನ್ನುತ್ತಿದ್ದವು. ಎರಡನೇ ವಾರದಿಂದ ಏಳನೇ ವಾರದವರೆಗೆ ಮರಿ ಯಾರನ್ನು ನೋಡಿ, ಯಾವ ಸದ್ದು ಕೇಳಿ ಬೆಳೆಯುತ್ತದೋ ಅದಕ್ಕೆ ಮುಂದೆ ಹೆದರುವುದಿಲ್ಲ. ಇವು ಮಿಕ್ಸಿ ಸದ್ದು ಕೇಳಿಲ್ಲ, ಮನುಷ್ಯರ ತೊಡೆ ಹತ್ತಿಲ್ಲ. ಮೊದಲ ಮನೆಯಿಂದ ಪಾಠ ಕಲಿತಿದ್ದರಿಂದ ಈ ಸಲ ಖಾಲಿ ಕೈಯಲ್ಲಿ ಬಂದೆವು. ರೈಲಿನಲ್ಲಿ ಯಾರೂ ಮಾತಾಡಲಿಲ್ಲ.

ಐದನೆಯವರು ಫೋನಿನಲ್ಲೇ ಬಾಗಿಲು ಹಾಕಿದರು. "ವಿದ್ಯಾರ್ಥಿಗಳಿಗೆ ನಾನು ಮರಿ ಕೊಡುವುದಿಲ್ಲ, ಕ್ಷಮಿಸಿ." ಅವತ್ತು ರಾತ್ರಿ ಮನೆಯಲ್ಲಿ ದೊಡ್ಡ ಜಗಳ. ನಮ್ಮ ಹೆಸರು ಕೇಳಿ, ಮಾತಿನ ಧಾಟಿ ಕೇಳಿ ಬೇಡ ಅಂದರೇನೋ ಅನ್ನುವ ಅನುಮಾನ. ಪರದೇಶದಲ್ಲಿದ್ದವರಿಗೆ ಈ ಅನುಮಾನ ನೆರಳಿನ ಹಾಗೆ ಜೊತೆಗೇ ಇರುತ್ತದೆ. ಕೊನೆಗೆ ಶಿರಸಿಯವನು ಕೇಳಿದ: "ನಮ್ಮಲ್ಲಿ ಇಬ್ಬರ ವೀಸಾ ಇನ್ನು ಎಷ್ಟು ತಿಂಗಳು? ಬ್ರಿಟಿಷ್ ಶಾರ್ಟ್‌ಹೇರ್ ಹದಿನೈದು ವರ್ಷ ಬದುಕ್ತದೆ. ಅವರ ಜಾಗದಲ್ಲಿ ನಾವಿದ್ದರೆ ಕೊಡ್ತಿದ್ವಾ?" ಯಾರ ಹತ್ತಿರವೂ ಉತ್ತರ ಇರಲಿಲ್ಲ. ಬೆಕ್ಕು ಮನೆಯವರೆಲ್ಲರದು ಅನ್ನುವ ಮಾತನ್ನು ಅವತ್ತೇ ಕೈಬಿಟ್ಟೆವು. ಇನ್ನೂ ಮೂರು ವರ್ಷ ಇಲ್ಲಿರುವ ಮಂಡ್ಯದವಳೇ ಯಜಮಾನಿ. ಅವಳಿಗೆ ಆಗದಿದ್ದರೆ ಶಿರಸಿಯವನು. ಹೀಗೆ ಕಾಗದದ ಮೇಲೆ ಬರೆದು ನಾಲ್ವರೂ ಸಹಿ ಹಾಕಿದೆವು.

ಆರನೆಯವರು ಒಳ್ಳೆಯವರು. ಆದರೆ ಅವರ ಪಟ್ಟಿಯಲ್ಲಿ ಮುಂದಿನ ವರ್ಷದವರೆಗೆ ಜನ ಇದ್ದರು. ತಮಗೆ ಪರಿಚಯದ ಇನ್ನೊಬ್ಬರ ನಂಬರ್ ಕೊಟ್ಟರು. ಆ ನಂಬರೇ ಏಳನೇ ಮನೆ.

ನಮ್ಮೊಳಗೆ ನಾವು ಅವರನ್ನು ಅಜ್ಜಿ ಅಂತಲೇ ಕರೆಯುವುದು. ನಿವೃತ್ತರು. ಎರಡೇ ಹೆಣ್ಣು ಬೆಕ್ಕು, ವರ್ಷಕ್ಕೆ ಹೆಚ್ಚೆಂದರೆ ಒಂದೆರಡು ಸೂಲು. ಜೂನ್ ತಿಂಗಳಲ್ಲಿ ನಾವು ಹೋದಾಗ ಮರಿಗಳಿಗೆ ಐದು ವಾರ. ಶೂ ಬಿಚ್ಚಿಸಿ, ಕೈ ತೊಳೆಸಿ ಒಳಗೆ ಕರೆದರು. ಮರಿಗಳು ಇದ್ದದ್ದು ಅಡುಗೆಮನೆಯ ಮೂಲೆಯಲ್ಲಿ, ವಾಷಿಂಗ್ ಮಷೀನಿನ ಸದ್ದಿನ ಪಕ್ಕದಲ್ಲೇ. ತಾಯಿ ಬಂದು ನಮ್ಮನ್ನು ಮೂಸಿ ನೋಡಿ, ಪರವಾಗಿಲ್ಲ ಅನ್ನಿಸಿತೋ ಏನೋ, ಹೋಗಿ ಮಲಗಿತು.

ನಾವು ಪ್ರಶ್ನೆಗಳ ಪಟ್ಟಿ ಬರೆದುಕೊಂಡು ಹೋಗಿದ್ದೆವು. ಪಿಕೆಡಿ ಪರೀಕ್ಷೆ ಆಗಿದೆಯಾ? ಮೂತ್ರಪಿಂಡದಲ್ಲಿ ನೀರುಗುಳ್ಳೆಗಳು ತುಂಬುವ ಕಾಯಿಲೆ ಅದು. ಎರಡನೇ ಮಹಾಯುದ್ಧದ ನಂತರ ಅಳಿದುಳಿದ ಬ್ರಿಟಿಷ್ ಶಾರ್ಟ್‌ಹೇರ್‌ಗಳಿಗೆ ಪರ್ಷಿಯನ್ ಬೆಕ್ಕಿನ ರಕ್ತ ಬೆರೆಸಿದ್ದರು. ಪರ್ಷಿಯನ್‌ಗಳಲ್ಲಿ ಹೆಚ್ಚಾಗಿರುವ ಈ ಕಾಯಿಲೆ ಈ ತಳಿಯಲ್ಲೂ ಕಾಣುತ್ತದೆ. ಕೆನ್ನೆಯ ಒಳಗೆ ಹತ್ತಿ ಕಡ್ಡಿ ಸವರಿ ಮಾಡುವ ಸರಳ ಡಿಎನ್‌ಎ ಪರೀಕ್ಷೆಯಿಂದ ಗೊತ್ತಾಗುತ್ತದೆ. ಅಜ್ಜಿ ತಂದೆ ತಾಯಿ ಇಬ್ಬರದ್ದೂ ವರದಿ ಮೇಜಿನ ಮೇಲಿಟ್ಟರು. ಎಚ್‌ಸಿಎಂ? ಹೃದಯದ ಸ್ನಾಯು ದಪ್ಪವಾಗುವ ಕಾಯಿಲೆ. ಮೇಯ್ನ್ ಕೂನ್, ರ್‍ಯಾಗ್‌ಡಾಲ್ ತಳಿಗಳಿಗೆ ಅದಕ್ಕೆ ಜೀನ್ ಪರೀಕ್ಷೆ ಇದೆ, ಈ ತಳಿಗೆ ಇಲ್ಲ. ಹಾಗಾಗಿ ಹೃದಯದ ಸ್ಕ್ಯಾನ್ ಮಾಡಿಸಿದ ಕಾಗದ ತೋರಿಸಿದರು. ರಕ್ತದ ಗುಂಪಿನ ಬಗ್ಗೆ ನಾವು ಕೇಳಿರಲೇ ಇಲ್ಲ, ಅವರೇ ಹೇಳಿದರು. ಈ ತಳಿಯಲ್ಲಿ ಬಿ ಗುಂಪು ಜಾಸ್ತಿ. ಬಿ ಗುಂಪಿನ ತಾಯಿಗೆ ಎ ಗುಂಪಿನ ಮರಿ ಹುಟ್ಟಿದರೆ, ತಾಯಿಯ ಮೊದಲ ಹಾಲೇ ಮರಿಗೆ ವಿಷವಾಗಬಹುದು. ಅದಕ್ಕೇ ಜೋಡಿ ಮಾಡುವ ಮೊದಲೇ ಇಬ್ಬರ ರಕ್ತವನ್ನೂ ಪರೀಕ್ಷೆ ಮಾಡಿಸುತ್ತೇನೆ ಅಂದರು. ನಿಮ್ಮ ಸೂಲುಗಳಲ್ಲಿ ಮರಿ ಸತ್ತದ್ದುಂಟಾ ಅಂತ ಕೇಳಿದೆವು. ಉಂಟು ಅಂದರು. ಯಾವಾಗ, ಹೇಗೆ ಅಂತಲೂ ಹೇಳಿದರು. ಆ ಉತ್ತರ ಕೇಳಿದ ಮೇಲೆ ನಮಗೆ ಅವರ ಮೇಲೆ ನಂಬಿಕೆ ಬಂತು.

ನಮ್ಮ ಪಟ್ಟಿ ಮುಗಿಯಿತು. ಅವರದು ಶುರುವಾಯಿತು. ಹೆಣ್ಣು ನೋಡಲು ಹೋದವರನ್ನು ಹೆಣ್ಣಿನ ಮನೆಯವರೇ ಕೂರಿಸಿ ಪರೀಕ್ಷೆ ಮಾಡಿದ ಹಾಗೆ. ಮನೆ ಯಾರದು, ಮಾಲೀಕರ ಪತ್ರ ತೋರಿಸಿ. ಹಗಲು ಮನೆಯಲ್ಲಿ ಯಾರಿರುತ್ತಾರೆ? ಮೂರನೇ ಮಹಡಿಯ ಕಿಟಕಿಗೆ ಜಾಲರಿ ಇದೆಯಾ? ವಿಮೆ ಮಾಡಿಸುತ್ತೀರಾ? ಊರಿಗೆ ಹೋದಾಗ ಯಾರು ನೋಡಿಕೊಳ್ಳುತ್ತಾರೆ? ಹಿಂದೆ ಬೆಕ್ಕು ಇತ್ತಾ?

ಆ ಕೊನೆಯ ಪ್ರಶ್ನೆಗೆ ನಾವು ಸುಮ್ಮನಾದೆವು. ಇಲ್ಲ ಅಂದುಬಿಟ್ಟರೆ ಮರಿ ಸಿಗುತ್ತದೆ. ಮಂಗಳೂರಿನವಳೇ ಬಾಯಿ ಬಿಟ್ಟು ಬೂದನ ಕತೆ ಪೂರ್ತಿ ಹೇಳಿದಳು: ರಟ್ಟಿನ ಪೆಟ್ಟಿಗೆ, 350 ಪೌಂಡ್, ಪಾರ್ವೊ, ಎಲ್ಲ. ಅಜ್ಜಿ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, ನಿಮ್ಮ ವೆಟ್ ಜೊತೆ ನಾನು ಮಾತಾಡಬೇಕು ಅಂದರು. ಮಾತಾಡಿದರು ಕೂಡ. ಎರಡೂ ಲಸಿಕೆ ಮುಗಿದು ಹದಿಮೂರು ವಾರ ತುಂಬಿದ ಮೇಲೆಯೇ, ಒಂದು ದಿನ ಮೊದಲೂ ಇಲ್ಲ ಅಂತ ಒಪ್ಪಿಕೊಂಡರು.

ಇನ್ನೊಂದು ಪ್ರಶ್ನೆ ಉಳಿದಿತ್ತು. ಪಿಎಚ್‌ಡಿ ಮುಗಿದು ದೇಶಕ್ಕೆ ಹೊರಟರೆ ಬೆಕ್ಕಿನ ಗತಿ? ಶಿರಸಿಯವನು ಅದನ್ನೂ ಬರೆದುಕೊಂಡು ಬಂದಿದ್ದ. ಇಲ್ಲಿ ಬೆಕ್ಕುಗಳಿಗೆ ಸಾಮಾನ್ಯವಾಗಿ ಹಾಕದ ರೇಬಿಸ್ ಲಸಿಕೆ, ಮೈಕ್ರೋಚಿಪ್, ಆರೋಗ್ಯ ಪ್ರಮಾಣಪತ್ರ, ಭಾರತದ ಪ್ರಾಣಿ ಕ್ವಾರಂಟೈನ್ ಇಲಾಖೆಯ ನಿರಾಕ್ಷೇಪಣಾ ಪತ್ರ, ವಿಮಾನದ ಖರ್ಚು. ಅಜ್ಜಿ ಅದನ್ನು ಓದಿ ಮಡಚಿಟ್ಟು, ಕರಾರು ಪತ್ರದ ಒಂದು ಸಾಲಿನ ಮೇಲೆ ಬೆರಳಿಟ್ಟರು. ಯಾವ ಕಾಲಕ್ಕೆ, ಯಾವ ಕಾರಣಕ್ಕೆ ಸಾಕಲು ಆಗದಿದ್ದರೂ ಬೆಕ್ಕು ಮೊದಲು ಅವರ ಮನೆಗೇ ವಾಪಸ್ ಬರಬೇಕು. ಬೇರೆಯವರಿಗೆ ಮಾರುವಂತಿಲ್ಲ.

ನಮಗೆ ಅದು ಕರಾರಿನ ಹಾಗೆ ಕೇಳಿಸಲಿಲ್ಲ. ಈ ಮರಿಗೆ ಒಂದು ತವರುಮನೆ ಇದೆ ಅಂತ ಅನ್ನಿಸಿತು. ಬೂದನಿಗೆ ಅದು ಇರಲಿಲ್ಲ.

ಆಗಸ್ಟಿನಲ್ಲಿ ಕರೆತಂದೆವು. 900 ಪೌಂಡ್. ಜೊತೆಗೆ ಲಸಿಕೆಯ ಕಾರ್ಡು, ನೋಂದಣಿ ಪತ್ರ, ಚಿಪ್ಪಿನ ನಂಬರ್, ತಿನ್ನುತ್ತಿದ್ದ ಆಹಾರದ ಒಂದು ಚೀಲ, ತಾಯಿಯ ವಾಸನೆ ಇರುವ ಒಂದು ತುಂಡು ಕಂಬಳಿ. ಅಂದ ಹಾಗೆ, 2024ರ ಜೂನ್ 10ರಿಂದ ಇಂಗ್ಲೆಂಡಿನಲ್ಲಿ ಸಾಕುಬೆಕ್ಕಿಗೆ ಇಪ್ಪತ್ತು ವಾರದೊಳಗೆ ಮೈಕ್ರೋಚಿಪ್ ಹಾಕಿಸುವುದು ಕಡ್ಡಾಯ. ಚಿಪ್ಪಿನ ದಾಖಲೆಯಲ್ಲಿ ನಿಮ್ಮ ಹೆಸರು, ವಿಳಾಸ ಬದಲಾಯಿಸುವುದನ್ನು ಮರೆಯಬೇಡಿ. ನೋಂದಣಿ ಪತ್ರದಲ್ಲಿ ಅವಳಿಗೆ ಉದ್ದದ ಇಂಗ್ಲಿಷ್ ಹೆಸರಿದೆ. ಮನೆಯಲ್ಲಿ, ಬಣ್ಣ ಮತ್ತು ಆಕಾರ ನೋಡಿ, ಮಂಡ್ಯದವಳು ಇಟ್ಟ ಹೆಸರು ಮುದ್ದೆ.

ರಕ್ಷಣಾ ಕೇಂದ್ರದಿಂದ ಯಾಕೆ ತರಲಿಲ್ಲ ಅಂತ ನೀವು ಕೇಳಬಹುದು. ಕೇಳಲೇಬೇಕು. ಎರಡು ಕಡೆ ವಿಚಾರಿಸಿದೆವು. ನಮ್ಮ ಮನೆ ಮುಂದಿನ ಬಸ್ ರಸ್ತೆ ನೋಡಿ, ಹೊರಗೆ ತಿರುಗಾಡಿ ಅಭ್ಯಾಸವಾದ ಬೆಕ್ಕುಗಳಿಗೆ ಇದು ಆಗುವುದಿಲ್ಲ ಅಂದರು. ಇನ್ನೂ ಕೆಲವು ತಿಂಗಳು ಕಾದಿದ್ದರೆ ಒಳಗೇ ಇರುವ ಒಂದು ಬೆಕ್ಕು ಸಿಗುತ್ತಿತ್ತೇನೋ. ನಾವು ಕಾಯಲಿಲ್ಲ, ಅದು ನಿಜ. ನೀವು ಮೊದಲು ಅಲ್ಲೇ ಕೇಳಿ. ತಳಿಯ ಮರಿಯೇ ಬೇಕು ಅಂತಿದ್ದರೆ, ನಾವು ಇಷ್ಟು ದುಡ್ಡು, ಇಷ್ಟು ಕಣ್ಣೀರು ಕೊಟ್ಟು ಕಲಿತದ್ದನ್ನು ಪುಕ್ಕಟೆ ತೆಗೆದುಕೊಳ್ಳಿ. ತಾಯಿಯನ್ನು ತೋರಿಸದ ಮನೆಯಿಂದ ಮರಿ ತರಬೇಡಿ. ಹದಿಮೂರು ವಾರಕ್ಕಿಂತ ಮೊದಲು ಕೊಡುವವರನ್ನು ನಂಬಬೇಡಿ. ಪರೀಕ್ಷೆಯಾಗಿದೆ ಅಂದರೆ ಕಾಗದ ಕೇಳಿ. ದುಡ್ಡನ್ನು ಬಿಟ್ಟು ಬೇರೇನನ್ನೂ ಕೇಳದೆ ಮರಿಯನ್ನು ಕೈಗಿಡುವವರಿಗೆ ಆ ಮರಿ ನಾಳೆ ಏನಾದರೂ ಚಿಂತೆಯಿಲ್ಲ. ಪ್ರಶ್ನೆ ಕೇಳಿ ಕೇಳಿ ನಿಮ್ಮ ತಲೆ ತಿನ್ನುವವರ ಮನೆಗೇ ಹೋಗಿ. ಎಲ್ಲಕ್ಕಿಂತ ಕಷ್ಟದ್ದು ಇನ್ನೊಂದಿದೆ. ಕಾಯಿಲೆ ಬಿದ್ದ ಮರಿಯನ್ನು ನೋಡಿ ಕರುಳು ಚುರ್ ಅಂದಾಗ ಪರ್ಸಿಗೆ ಕೈ ಹಾಕಬೇಡಿ, ಫೋನಿಗೆ ಕೈ ಹಾಕಿ, ದೂರು ಕೊಡಿ.

ಎಂಎಸ್ಸಿ ಮುಗಿಸಿದ ಇಬ್ಬರೂ ಈಗ ಮನೆ ಬಿಟ್ಟಿದ್ದಾರೆ. ಹುಬ್ಬಳ್ಳಿಯವನು ವಾರಕ್ಕೊಮ್ಮೆ ವಿಡಿಯೋ ಕಾಲ್ ಮಾಡುತ್ತಾನೆ, "ನಿಮ್ಮ ಮಾರಿ ಸರಸ್ರಿ, ಮುದ್ದಿನ್ನ ತೋರಸ್ರಿ" ಅನ್ನುತ್ತಾನೆ. ಅಜ್ಜಿಗೆ ತಿಂಗಳಿಗೊಂದು ಫೋಟೋ ಹೋಗುತ್ತದೆ. ಇನ್ನು, ಬೆಕ್ಕಿಗೆ ದುಡ್ಡು ಕೊಟ್ಟಿದ್ದಕ್ಕೆ ಬೈದಿದ್ದ ಮಂಡ್ಯದ ಅಮ್ಮ. ಈಗಲೂ ಬೆಲೆ ಎಷ್ಟು ಅಂತ ನಾವು ಅವರಿಗೆ ಹೇಳಿಲ್ಲ. ಫೋನ್ ಎತ್ತಿದ ಕೂಡಲೇ ಮಗಳ ಊಟ ವಿಚಾರಿಸುವ ಮೊದಲು ಅವರು ಕೇಳುವುದು ಇದನ್ನೇ:

"ಮುದ್ದೆ ಉಂಡ್ತಾ?"